ಶ್ರಮ ಉಳಿಸಿದ ಪೆಟ್ಟಿಗೆಯ ಮುಂದೆ

ಮ್ಯೂಸಿಯಂನಲ್ಲಿ ಗೈಡ್ ಕೆಲಸಕ್ಕೆ ಸೇರುವ ನಮ್ಮವರ ಮಕ್ಕಳು ಈಗೀಗ ನನಗೆ ಫೋನ್ ಮಾಡತೊಡಗಿದ್ದಾರೆ. "ಆಂಟಿ, ಐ ಗಾಟ್ ದ ಜಾಬ್! ಏನಾದ್ರೂ ಟಿಪ್ಸ್ ಇದ್ರೆ ಹೇಳಿ" ಎನ್ನುತ್ತಾರೆ. ಹಿಂದಿನಿಂದ ಅವರ ಅಪ್ಪ ಅಮ್ಮ ನಿಟ್ಟುಸಿರು ಬಿಡುವುದೂ ಸ್ಪೀಕರ್ ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಮಗು ಡಾಕ್ಟರ್ ಆಗದೆ ಹಳೇ ನೇಗಿಲಿನ ಪಕ್ಕ ನಿಲ್ಲುವ ಕೆಲಸ ಹಿಡಿಯಿತಲ್ಲ ಎಂಬ ಅವರ ಸಂಕಟಕ್ಕೆ ನನ್ನಲ್ಲಿ ಮದ್ದಿಲ್ಲ. ಆದರೆ ನಾನು ಹಳೇ ನೇಗಿಲಿನ ಪಕ್ಕ ನಿಂತು ನಿಂತೇ ನಿವೃತ್ತಳಾದವಳು. ನ್ಯೂಜೆರ್ಸಿಯ ಹಿಲ್ಸ್‌ಬರೋ ಹತ್ತಿರದ ಹಳೆಯ ತೋಟದಮನೆಯೊಂದರಲ್ಲಿ, ಅಮೆರಿಕವನ್ನು ಕಟ್ಟಿದವು ಎನ್ನಲಾಗುವ ಯಂತ್ರಗಳನ್ನೆಲ್ಲ ಸಾಲಾಗಿ ನಿಲ್ಲಿಸಿರುವ ಮ್ಯೂಸಿಯಂ ಅದು. ಹೆಸರು ಹೇಳುವುದಿಲ್ಲ. ಕ್ರಿಸ್‌ಮಸ್ ಪಾರ್ಟಿಗೆ ಇನ್ನೂ ಕರೆಯುತ್ತಾರೆ, ಅದನ್ನೇಕೆ ಕೆಡಿಸಿಕೊಳ್ಳಲಿ.

ನನಗೆ ಕೆಲಸ ಸಿಕ್ಕಿದ್ದು ನನ್ನ ವಿದ್ವತ್ತಿನಿಂದ ಎಂದು ಬಹಳ ದಿನ ನಂಬಿದ್ದೆ. ಯಜಮಾನರು ಬ್ರಿಡ್ಜ್‌ವಾಟರ್‌ನ ಔಷಧ ಕಂಪನಿಯೊಂದರಲ್ಲಿ ಮಾತ್ರೆಗಳ ಬಣ್ಣ ಮಾಸದಂತೆ ನೋಡಿಕೊಳ್ಳುವ ಘನ ಉದ್ಯೋಗದಲ್ಲಿದ್ದರು. ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಗೋಡೆ ನೋಡಿಕೊಂಡು ಕೂರುವ ಬದಲು ನಾನು ಅರ್ಜಿ ಹಾಕಿದೆ. ಆಗಿನ ಡೈರೆಕ್ಟರ್ ಎಣ್ಣೆಡಬ್ಬಿ ಹಿಡಿದು ಯಂತ್ರಗಳ ಮಧ್ಯೆಯೇ ಓಡಾಡಿಕೊಂಡಿದ್ದ ಮುದುಕರು. "ನಿನಗೆ ಹತ್ತಿ ಯಂತ್ರದ ಬಗ್ಗೆ ಏನಾದ್ರೂ ಗೊತ್ತಾ?" ಎಂದು ಕೇಳಿದರು. ನಮ್ಮಪ್ಪ ಗದಗಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲಿನ ಮ್ಯಾನೇಜರ್ ಆಗಿದ್ದರು, ನಾನು ಆಡಿ ಬೆಳೆದದ್ದೇ ಅರಳೆಯ ರಾಶಿಯ ಮೇಲೆ ಎಂದೆ. ಅವರು ಎದ್ದು ಕೈ ಕುಲುಕಿದರು. ಆಮೇಲೆ ಗೊತ್ತಾಯಿತು, ಹತ್ತಿ ಯಂತ್ರದ ಪಕ್ಕ ನಿಲ್ಲಲು ಆ ಮ್ಯೂಸಿಯಂನಲ್ಲಿ ಬೇರೆ ಯಾರೂ ಸಿಕ್ಕಿರಲಿಲ್ಲ.

ಮೊದಲ ಪಾಠ ವೇಷದ್ದು. ಗಲ್ಲದ ಕೆಳಗೆ ಲಾಡಿ ಕಟ್ಟುವ ಬಿಳಿ ಟೋಪಿ, ನೆಲ ಗುಡಿಸುವಷ್ಟು ಉದ್ದದ ಲಂಗ, ಮೇಲೊಂದು ಏಪ್ರನ್. ಹಣೆಯ ಕುಂಕುಮ ತೆಗೆಯಬೇಕೇ ಎಂದು ಕೇಳಿದರೆ, ಆ ವಿಚಾರಕ್ಕೆ ಒಂದು ಮೀಟಿಂಗ್ ಕರೆದು, ಕೊನೆಗೆ "ನಿನ್ನಿಷ್ಟ" ಎಂದರು. ಇಟ್ಟುಕೊಂಡೆ. ಹೀಗೆ ಹಳೆಯ ಕಾಲದ ನ್ಯೂಜೆರ್ಸಿಯ ರೈತಗಿತ್ತಿಯಾಗಿ, ತಾಳಿ ಏಪ್ರನ್ನಿನೊಳಗೆ ಸೇರಿಸಿಕೊಂಡು, ಇಂದುಮತಿಯಾದ ನಾನು "ಇಂಡಿ" ಎಂದು ಕರೆಸಿಕೊಳ್ಳುತ್ತ ಬದುಕು ಕಳೆದೆ. ಬೇಸಿಗೆಯಲ್ಲಿ ಆ ಟೋಪಿಯೊಳಗೆ ತಲೆ ಬೇಯುತ್ತದೆ. ಕೆಲಸಕ್ಕೆ ಸೇರುವವರು ಹತ್ತಿಯ ಕರವಸ್ತ್ರವೊಂದನ್ನು ಒಳಗೆ ಮಡಚಿ ಇಟ್ಟುಕೊಳ್ಳಿ.

ಎರಡನೆಯದು ಬಾಯಿಪಾಠ. ಪ್ರತಿ ಯಂತ್ರಕ್ಕೂ ಅವರೇ ಬರೆದುಕೊಟ್ಟ ಮಾತುಗಳಿರುತ್ತವೆ. ಯಂತ್ರ ಯಾವುದಾದರೂ ಕಥೆ ಮಾತ್ರ ಒಂದೇ. ಹಿಂದೆ ಜನ ಬಹಳ ಕಷ್ಟಪಡುತ್ತಿದ್ದರು, ಒಬ್ಬ ಬುದ್ಧಿವಂತ ಹಿತ್ತಲಿನ ಕೊಟ್ಟಿಗೆಯಲ್ಲಿ ಕೂತು ತಲೆ ಕೆರೆದುಕೊಂಡ, ಯಂತ್ರ ಹುಟ್ಟಿತು, ಶ್ರಮ ಉಳಿಯಿತು, ದೇಶ ದೊಡ್ಡದಾಯಿತು, ಗಿಫ್ಟ್ ಶಾಪ್ ಬಲಗಡೆ ಇದೆ. ಉಳಿದ ಶ್ರಮವನ್ನೆಲ್ಲ ಎಲ್ಲಿ ಇಟ್ಟಿದ್ದಾರೆ ಎಂದು ಮಾತ್ರ ಯಾವ ಕಾಗದದಲ್ಲೂ ಬರೆದಿರಲಿಲ್ಲ.

ಉಕ್ಕಿನ ನೇಗಿಲಿನ ಕಥೆ ನನಗೆ ಇಷ್ಟವಾಗಿತ್ತು. ಪಶ್ಚಿಮದ ಹುಲ್ಲುಗಾವಲಿನ ಅಂಟುಮಣ್ಣು ಹಳೆಯ ಎರಕದ ನೇಗಿಲಿಗೆ ಹೆಜ್ಜೆ ಹೆಜ್ಜೆಗೂ ಮೆತ್ತಿಕೊಳ್ಳುತ್ತಿತ್ತಂತೆ, ರೈತ ನಿಂತು ನಿಂತು ಕೆರೆಯಬೇಕಿತ್ತಂತೆ. ಉಜ್ಜಿ ನುಣುಪು ಮಾಡಿದ ಉಕ್ಕು ಬಂದ ಮೇಲೆ ಮಣ್ಣು ತಾನೇ ಜಾರಿ ಬಿತ್ತು. ನಮ್ಮ ಗದಗಿನ ಎರೆಮಣ್ಣಿನಲ್ಲಿ ಮಳೆ ಬಂದ ಮಾರನೆಯ ದಿನ ನಡೆದವರಿಗೆ ಇದನ್ನು ವಿವರಿಸಬೇಕಿಲ್ಲ, ಚಪ್ಪಲಿ ಅಲ್ಲೇ ಉಳಿದು ಕಾಲು ಮಾತ್ರ ಮನೆಗೆ ಬರುತ್ತದೆ. ಆದರೆ ಆ ಹುಲ್ಲುಗಾವಲಿನಲ್ಲಿ ಮೊದಲೇ ಇದ್ದ ಜನರು ಎಲ್ಲಿಗೆ ಹೋದರು ಎಂದು ಒಬ್ಬ ಟೀಚರ್ ಕೇಳಿದಾಗ, ನನ್ನ ಕಾಗದದಲ್ಲಿ ಇದ್ದ ಉತ್ತರ: "ಗಿಫ್ಟ್ ಶಾಪ್ ಬಲಗಡೆ ಇದೆ."

ಹೊಲಿಗೆ ಯಂತ್ರದ್ದು ಇನ್ನೊಂದು ತಮಾಷೆ. ಹೆಂಗಸರಿಗೆ ಬಿಡುವು ಕೊಟ್ಟ ಯಂತ್ರ ಅಂತ ಅದಕ್ಕೆ ಬಿರುದು. ಬಿಡುವು ಸಿಕ್ಕಿದ್ದು ನಿಜ. ಆ ಬಿಡುವಿನಲ್ಲಿ ಲಂಗಕ್ಕೆ ಇನ್ನೂ ಹತ್ತಾರು ನೆರಿಗೆ ಸೇರಿಸುವ ಫ್ಯಾಶನ್ ಹುಟ್ಟಿತು, ಮನೆಯ ಹೆಂಗಸರು ಆ ನೆರಿಗೆ ಹೊಲಿಯುತ್ತ ಕೂತರು. ಬಡವರ ಮನೆಯ ಹೆಣ್ಣುಮಕ್ಕಳು ನ್ಯೂಯಾರ್ಕಿನ ಕತ್ತಲೆ ಕೋಣೆಗಳಲ್ಲಿ ಊರಿಗೆಲ್ಲ ಅಂಗಿ ಹೊಲಿದರು. ಡಿಶ್‌ವಾಷರ್ ಬಂದ ಮೇಲೆ ನನ್ನ ಮನೆಯಲ್ಲೂ ಪಾತ್ರೆಗಳು ಜಾಸ್ತಿಯಾದವು, ಆದ್ದರಿಂದ ಈ ಇತಿಹಾಸ ನನಗೆ ಬೇಗ ಅರ್ಥವಾಯಿತು.

ನಮ್ಮವರು ಬೇಸಿಗೆಯಲ್ಲಿ ಬರುತ್ತಾರೆ. ಬೆಂಗಳೂರಿನಿಂದ ಬಂದ ಅಪ್ಪ ಅಮ್ಮನಿಗೆ ನಯಾಗರ ತೋರಿಸಿ ಆದ ಮೇಲೆ ಇನ್ನೇನು ತೋರಿಸುವುದು ಎಂದು ತಿಳಿಯದವರು ನಮ್ಮಲ್ಲಿಗೆ ಕರೆತರುತ್ತಾರೆ. ಕುಯ್ಲು ಯಂತ್ರದ ಮುಂದೆ ನಿಂತು ಅಂಕಲ್ ಒಬ್ಬರು, "ಇದರ ಎಫಿಶಿಯನ್ಸಿ ಎಷ್ಟಮ್ಮಾ? ಇದನ್ನೇ ಸ್ವಲ್ಪ ಮಾಡಿಫೈ ಮಾಡಿದ್ರೆ..." ಎಂದು ಶುರುಮಾಡಿದರೆ ಹಿಂದಿನ ಗುಂಪು ಬಂದು ಗುದ್ದುತ್ತದೆ. ಅವರ ಮಾತಿಗೆ ಹೂಂಗುಟ್ಟುತ್ತ ಎರಡು ಹೆಜ್ಜೆ ಮುಂದೆ ನಡೆಯಿರಿ. ನೀವು ನಿಂತರೆ ಅವರೂ ನಿಲ್ಲುತ್ತಾರೆ.

ಎಣ್ಣೆಡಬ್ಬಿಯ ಮುದುಕರು ನಿವೃತ್ತರಾದ ಮೇಲೆ ಹೊಸ ಡೈರೆಕ್ಟರ್ ಆಗಿ ಬ್ರಾಡ್ ಬಂದ. ಯಂತ್ರ ಮುಟ್ಟಿದರೆ ಕೈಗೆ ಗ್ರೀಸ್ ಅಂಟುತ್ತದೆಂದು ದೂರದಲ್ಲೇ ನಿಲ್ಲುತ್ತಿದ್ದ ಅವನು ನಮಗೆಲ್ಲ "ವಿಸಿಟರ್ ಜರ್ನಿ" ಎಂಬ ಹೊಸ ವೇದಾಂತ ಕಲಿಸಿದ. ಟೆಲಿಗ್ರಾಫಿನ ಪಕ್ಕ ಟಚ್ ಸ್ಕ್ರೀನ್ ಬಂತು. ಟೆಲಿಗ್ರಾಫ್ ಇವತ್ತಿಗೂ ಕಟಕಟ ಎನ್ನುತ್ತದೆ, ಸ್ಕ್ರೀನ್ ಮಾತ್ರ ವಾರಕ್ಕೊಮ್ಮೆ ಕೆಟ್ಟು ಕೂರುತ್ತಿತ್ತು. ಆಗ ಅದರ ಮೇಲೆ ಒಂದು ಬಟ್ಟೆ ಹೊದಿಸಿ, "ಸಂಶೋಧನೆಗಾಗಿ ತೆಗೆದಿರಿಸಿದೆ" ಎಂದು ಚೀಟಿ ಅಂಟಿಸುವುದು ಪದ್ಧತಿ. ಹೀಗೆ ಆ ಮ್ಯೂಸಿಯಂನಲ್ಲಿ ಅತಿ ಬೇಗ ಪುರಾತನ ವಸ್ತುವಾದದ್ದು ಅದೇ.

ಈಗ ಹತ್ತಿ ಯಂತ್ರಕ್ಕೆ ಬರುತ್ತೇನೆ. ನೋಡಿದರೆ ಟ್ರಂಕಿನಷ್ಟು ದೊಡ್ಡ ಮರದ ಪೆಟ್ಟಿಗೆ. ಒಳಗೆ ಹಲ್ಲುಗಳಿರುವ ಉರುಳೆ, ಹೊರಗೆ ಹಿಡಿಕೆ. ತಿರುಗಿಸಿದರೆ ಹಲ್ಲು ಅರಳೆಯನ್ನು ಎಳೆದುಕೊಳ್ಳುತ್ತದೆ, ಬೀಜ ಈಚೆಗೆ ಉದುರುತ್ತದೆ. ಅದರ ಮೇಲಿನ ಗೋಡೆಗೆ ಒಂದು ಹಿತ್ತಾಳೆಯ ಬೋರ್ಡ್: "ಶ್ರಮ ಉಳಿಸಿದ ಯಂತ್ರ. ಒಂದು ರಾಷ್ಟ್ರವನ್ನು ಕಟ್ಟಿದ ಪೆಟ್ಟಿಗೆ." ಸಂಗ್ರಹವನ್ನೆಲ್ಲ ದಾನ ಕೊಟ್ಟ ಕುಟುಂಬದ ಹಿರಿಯರು ಬರೆಸಿದ ಮಾತು. ಅದನ್ನು ಬದಲಾಯಿಸಿದರೆ ಅವರ ಮೊಮ್ಮಕ್ಕಳು ಮುನಿಸಿಕೊಳ್ಳುತ್ತಾರೆಂದು ಡೈರೆಕ್ಟರುಗಳಿಗೆಲ್ಲ ನಡುಕ.

ಆ ಪೆಟ್ಟಿಗೆಯ ಪಕ್ಕ ನಿಲ್ಲಲು ಒಪ್ಪದಿದ್ದವಳು ಲೊರೇನ್. ನೆವಾರ್ಕಿನವಳು, ಕಪ್ಪು ಜನಾಂಗದವಳು, ಗೈಡ್‌ಗಳಲ್ಲೆಲ್ಲ ಹಿರಿಯಳು. ನನಗೆ ಕೆಲಸ ಕಲಿಸಿದವಳೂ ಅವಳೇ. ಪ್ರತಿ ವರ್ಷ ಸ್ಟಾಫ್ ಮೀಟಿಂಗಿನಲ್ಲಿ ಎದ್ದು ನಿಂತು, "ಆ ಬೋರ್ಡ್ ತೆಗೀರಿ, ಇಲ್ಲಾಂದ್ರೆ ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿ" ಎನ್ನುತ್ತಿದ್ದಳು. ಪ್ರತಿ ವರ್ಷವೂ ಬ್ರಾಡ್, "ವೆರಿ ಇಂಪಾರ್ಟೆಂಟ್ ಪಾಯಿಂಟ್, ಲೊರೇನ್. ಮತ್ತೆ ಮಾತಾಡೋಣ" ಎಂದು ಬರೆದುಕೊಳ್ಳುತ್ತಿದ್ದ.

ಒಂದು ದಿನ ಊಟದ ಡಬ್ಬಿ ಬಿಚ್ಚುತ್ತ ಅವಳು ನನ್ನನ್ನು ಕೇಳಿದಳು: "ನಿಮ್ಮ ಜನ ಬಂದಾಗ ಆ ಪೆಟ್ಟಿಗೆ ಮುಂದೆ ಅಷ್ಟೊತ್ತು ನಿನ್ನ ಭಾಷೇಲಿ ಏನು ಹೇಳ್ತೀಯ, ಇಂಡಿ? ಬ್ರಾಡ್ ಕೊಟ್ಟ ಮಾತು ಅಷ್ಟುದ್ದ ಇಲ್ಲವಲ್ಲ?"

ಹೇಳಿದೆ. ಅವಳು ನಕ್ಕ ರಭಸಕ್ಕೆ ಬಾಯಲ್ಲಿದ್ದ ಕಾಫಿ ಏಪ್ರನ್ ಮೇಲೆ ಬಿತ್ತು. ನಾನು ಇಂಗ್ಲಿಷ್‌ನಲ್ಲಿ ಬ್ರಾಡ್ ಕೊಟ್ಟದ್ದನ್ನು ಚಾಚೂ ತಪ್ಪದೆ ಒಪ್ಪಿಸುತ್ತಿದ್ದೆ, ಕನ್ನಡದಲ್ಲಿ ನಡೆದದ್ದನ್ನು ಹೇಳುತ್ತಿದ್ದೆ. ಆ ಕಟ್ಟಡದೊಳಗೆ ಸತ್ಯಕ್ಕೆ ಪರವಾನಗಿ ಇದ್ದದ್ದು ಕನ್ನಡದಲ್ಲಿ ಮಾತ್ರ, ಯಾಕೆಂದರೆ ಬ್ರಾಡ್‌ಗೆ ಅದು ಬರುತ್ತಿರಲಿಲ್ಲ. ದೂರದಿಂದ ನೋಡಿ ಹೆಬ್ಬೆರಳು ತೋರಿಸಿ ಹೋಗುತ್ತಿದ್ದ.

ಅಷ್ಟರಲ್ಲಿ ಬ್ರಾಡ್ ಒಂದು ಇಮೇಲ್ ಕಳಿಸಿದ. ಬರೆದುಕೊಟ್ಟ ಮಾತು ಬಿಟ್ಟು ಬೇರೆ ಹೇಳಿದ ಗೈಡ್‌ಗಳು ಕೆಲಸ ಬೇರೆ ಕಡೆ ನೋಡಿಕೊಳ್ಳಬಹುದು ಎಂಬುದನ್ನು ಬಹಳ ಪ್ರೀತಿಯಿಂದ, ಕೊನೆಯಲ್ಲಿ ಒಂದು ನಗುಮುಖ ಹಾಕಿ ಬರೆದಿದ್ದ. ಅದೇ ವರ್ಷ ಯಜಮಾನರ ಕಂಪನಿಯನ್ನು ಇನ್ನೊಂದು ಕಂಪನಿ ನುಂಗಿ, ಯಜಮಾನರನ್ನು ಹೊರಗೆ ಉಗುಳಿತ್ತು. ಅವರ ಹೃದಯದ ಔಷಧಿ ನಿಲ್ಲಿಸುವಂತಿರಲಿಲ್ಲ, ಮನೆಗೆಲ್ಲ ಹೆಲ್ತ್ ಇನ್ಶೂರೆನ್ಸ್ ನನ್ನ ಈ ಟೋಪಿ ಕೆಲಸದಿಂದಲೇ ಬರಬೇಕಿತ್ತು. ಅಮೆರಿಕದಲ್ಲಿದ್ದವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಇಂಥ ಹೊತ್ತಿನಲ್ಲಿ ಬ್ರಾಡ್‌ಗೆ ನಮ್ಮ ಜನ ಕಣ್ಣಿಗೆ ಬಿದ್ದರು. ಹಿಲ್ಸ್‌ಬರೋ ತುಂಬ ಇಂಡಿಯನ್ನರು, ಟಿಕೆಟ್ ಮಾತ್ರ ಯಾಕೆ ಹೋಗುತ್ತಿಲ್ಲ ಎಂದು ನನ್ನನ್ನು ಕರೆಸಿ, "ನಿಮ್ಮಲ್ಲಿ ಮಷಿನ್‌ಗೆ ಸಂಬಂಧಪಟ್ಟ ಹಬ್ಬ ಏನಾದ್ರೂ ಇದೆಯಾ?" ಎಂದ. ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆಯುಧಪೂಜೆಯ ವಿಷಯ ಹೇಳಿಬಿಟ್ಟೆ. ಸಲಕರಣೆಗಳನ್ನೆಲ್ಲ ತೊಳೆದು ಕುಂಕುಮ ಇಟ್ಟು ಹೂ ಮುಡಿಸುತ್ತೇವೆ, ಪೂಜೆಗಿಟ್ಟ ಆಯುಧವನ್ನು ಅವತ್ತು ಯಾರೂ ಮುಟ್ಟುವಂತಿಲ್ಲ, ಅದಕ್ಕೆ ಪೂರ್ತಿ ರಜೆ ಎಂದೆ. ಬ್ರಾಡ್ ಕುರ್ಚಿಯಿಂದ ಎದ್ದೇಬಿಟ್ಟ. ಪೋಸ್ಟರ್ ಅಚ್ಚಾಯಿತು. ಪೂಜೆಯ ದಿನ ಶನಿವಾರಕ್ಕೆ ಬಂತು, ಇಲ್ಲಿ ನಮ್ಮ ದೇವರುಗಳೆಲ್ಲ ವೀಕೆಂಡ್ ನೋಡಿಕೊಂಡೇ ಬರುವುದು.

ಪೂಜೆಯ ಸಿದ್ಧತೆಗೆ ನಡೆದ ಮೀಟಿಂಗುಗಳನ್ನು ಕೇಳಬೇಡಿ. ಹಳೆಯ ಮರಕ್ಕೆ ಕುಂಕುಮ ತಾಗಿದರೆ ಕಲೆಯಾಗುತ್ತದೆ, ಆದ್ದರಿಂದ ಯಂತ್ರದ ಮುಂದೆ ಪೇಪರ್ ಪ್ಲೇಟ್ ಇಟ್ಟು ಅದಕ್ಕೆ ಕುಂಕುಮ ಹಚ್ಚಬೇಕು. ನಿಜವಾದ ಹೂವಿನಲ್ಲಿ ಹುಳ ಬರುತ್ತದೆ, ಆದ್ದರಿಂದ ಎಡಿಸನ್ ಊರಿನ ಇಂಡಿಯನ್ ಅಂಗಡಿಯಿಂದ ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ. ಬೂದುಗುಂಬಳ ಒಡೆಯಲು ಇನ್ಶೂರೆನ್ಸಿನವರು ಬಿಡಲಿಲ್ಲ. ವರ್ಕ್‌ಶಾಪಿನ ಸ್ಪ್ಯಾನರ್, ಸುತ್ತಿಗೆ, ಸ್ಕ್ರೂಡ್ರೈವರ್‌ಗಳಿಗೆ ಮಾತ್ರ ಯಾವ ಇತಿಹಾಸವೂ ಇರಲಿಲ್ಲವಾದ್ದರಿಂದ ಅವಕ್ಕೆ ಮನಸಾರೆ ಕುಂಕುಮ ಹಚ್ಚಿ, ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿ, ಹತ್ತಿ ಯಂತ್ರದ ಪಕ್ಕದ ಮೇಜಿನ ಮೇಲೆ ಇಟ್ಟೆ.

ಆ ಶನಿವಾರವೇ ಲೊರೇನಳ ಕೊನೆಯ ಕೆಲಸದ ದಿನ. "ನಿಮ್ಮ ಹೋಳಿಗೆ ತಿಂದೇ ರಿಟೈರ್ ಆಗ್ತೀನಿ" ಎಂದು ಅವಳೇ ಆರಿಸಿಕೊಂಡಿದ್ದಳು. ಹಿಂದಿನ ದಿನ ಮಾತ್ರ ಸಪ್ಪಗೆ ನನ್ನ ಬಳಿ ಬಂದಳು. "ಅಮ್ಮ ಬರ್ತಾಳಂತೆ ನಾಳೆ. ಇಷ್ಟು ವರ್ಷ ನೆಪ ಹೇಳಿ ತಪ್ಪಿಸ್ತಿದ್ದೆ. ಅವಳು ಆ ಬೋರ್ಡ್ ಓದಬಾರ್ದು ಇಂಡಿ. ಅವಳನ್ನ ಆ ಪೆಟ್ಟಿಗೆ ಹತ್ರ ಬಿಡಬೇಡ."

ಲೊರೇನಳ ತಾಯಿಯನ್ನು ಎಲ್ಲರೂ ಮಿಸ್ ಪರ್ಲ್ ಎನ್ನುತ್ತಿದ್ದರು. ಜಾರ್ಜಿಯಾದಲ್ಲಿ ಪರರ ಹೊಲದಲ್ಲಿ ಹತ್ತಿ ಬಿಡಿಸುತ್ತ ಬೆಳೆದು, ಪ್ರಾಯಕ್ಕೆ ಬಂದ ಮೇಲೆ ರೈಲು ಹತ್ತಿ ನೆವಾರ್ಕಿಗೆ ಬಂದ ಹೆಂಗಸು. ಅವರ ಅಜ್ಜಿಯ ತಾಯಿ ಅದೇ ಹೊಲಗಳಲ್ಲಿ ಗುಲಾಮಳಾಗಿದ್ದವಳು.

ಶನಿವಾರ ಜನ ಬಂದರು ನೋಡಿ! ನಮ್ಮವರೇ ತುಂಬಿರುವ ಮಾನ್ಮತ್ ಜಂಕ್ಷನ್ ಊರಿಗೆ ಊರೇ ಖಾಲಿಯಾಗಿ ನಮ್ಮ ಪಾರ್ಕಿಂಗ್ ಲಾಟಿಗೆ ಬಂದಿತ್ತು. ಯಂತ್ರಗಳ ಪೂಜೆ ಅಂದರೆ ಕಾರಿನ ಪೂಜೆ ಎಂದೇ ಅರ್ಥ ಮಾಡಿಕೊಂಡು ಟೆಸ್ಲಾಗಳ ಚಕ್ರಕ್ಕೆ ನಿಂಬೆಹಣ್ಣು ಇಟ್ಟುಕೊಂಡು ನಿಂತಿದ್ದರು. ಅವರನ್ನೆಲ್ಲ ಒಳಗೆ ಅಟ್ಟಿ, ನೇಗಿಲಿಗೆ, ಕುಯ್ಲು ಯಂತ್ರಕ್ಕೆ, ಹೊಲಿಗೆ ಯಂತ್ರಕ್ಕೆ ಪ್ಲಾಸ್ಟಿಕ್ ಮಾಲೆ ಹಾಕಿ, ಮಂಗಳಾರತಿ ತಟ್ಟೆಯಲ್ಲಿ ಬ್ಯಾಟರಿ ದೀಪ ಇಟ್ಟು ಬೆಳಗಿ, ಕೊನೆಗೆ ಹತ್ತಿ ಪೆಟ್ಟಿಗೆಗೆ ಬಂದೆ. ಬ್ರಾಡ್ ಜುಬ್ಬ ಹಾಕಿಕೊಂಡು ಪಕ್ಕದಲ್ಲೇ ನಿಂತ. ಪೆಟ್ಟಿಗೆಗೂ ಮಾಲೆ ಹಾಕಿದೆ, ನಮ್ಮವರೇ ಎಂಬ ಧೈರ್ಯದಲ್ಲಿ ಎಂದಿನಂತೆ ಕನ್ನಡದಲ್ಲಿ ಹೇಳತೊಡಗಿದೆ:

"ನೋಡ್ರಿ, ಈ ಪೆಟ್ಟಿಗಿ ಬರೋಕಿಂತ ಮೊದಲ ಹತ್ತಿಕಾಳು ಕೈಲೆ ಬ್ಯಾರೆ ಮಾಡ್ತಿದ್ರು. ದಿನಾಪೂರ್ತಿ ಕುಂತ್ರೂ ಒಂದಿಷ್ಟ ಅರಳಿ. ಅದಕ್ಕ ಹತ್ತಿ ಬೆಳ್ಯಾವರು ಕಡಿಮಿ ಇದ್ರು. ಇದು ಬಂತು, ಕಾಳು ತಗಿಯೋದು ಸಸಾರ ಆತು, ಹತ್ತಿಗೆ ಬೆಲೆ ಬಂತು. ಆದ್ರ ಬಿತ್ತೋದು, ಕಳೆ ತಗಿಯೋದು, ಹತ್ತಿ ಬಿಡಸೋದು ಈ ಪೆಟ್ಟಿಗಿ ಮಾಡಲಿಲ್ಲ. ಅದಕ್ಕ ಮಂದಿ ಬೇಕಾದ್ರು. ಸಂತ್ಯಾಗ ಎತ್ತು ಕೊಂಡಂಗ ಮನಷ್ಯಾರನ್ನ ಕೊಂಡ್ರು. ತಾಯಿನ್ನ ಒಂದು ಊರಿಗೆ ಮಾರಿದ್ರು, ಮಗಳನ್ನ ಇನ್ನೊಂದು ಊರಿಗೆ. ಮುಂದ ಈ ಗುಲಾಮಗಿರಿ ಸಲುವಾಗಿ ಇಲ್ಲೆ ಯುದ್ಧ ಆತು, ಇಲ್ಲಿಂದ ಇಂಗ್ಲೆಂಡಿಗೆ ಹತ್ತಿ ಹೋಗೋದು ನಿಂತಿತು. ಆಗ ನಮ್ಮ ಧಾರವಾಡ, ಗದಗಿನ ಹತ್ತಿಗೆ ಬಂಗಾರದ ಬೆಲೆ ಬಂತು. ನಮ್ಮ ಸಾವಕಾರರು ಮಾಳಿಗಿ ಮ್ಯಾಲ ಮಾಳಿಗಿ ಕಟ್ಟಿದ್ರು. ಶ್ರಮ ಉಳಿಸ್ತು ಅಂತ ಈ ಬೋರ್ಡ್ ಹೇಳ್ತೈತಿ. ಯಾರದು ಅಂತ ಕೇಳಿದ್ರ ಸುಮ್ಮನಿರ್ತೈತಿ."

ಕಾರಿನ ಕೀಲಿ ಆಡಿಸುತ್ತಿದ್ದ ಅಂಕಲ್‌ಗಳು ಕೂಡ ಕೀಲಿ ಜೇಬಿಗೆ ಹಾಕಿ ಬೋರ್ಡಿನ ಕಡೆ ತಲೆ ಎತ್ತಿದರು. ಬ್ರಾಡ್ ಮಾತ್ರ ಖುಷಿಯಿಂದ ಚಪ್ಪಾಳೆ ತಟ್ಟಿದ. ಆಗಲೇ ನಾನು ಕಂಡದ್ದು, ಗುಂಪಿನ ಹಿಂದೆ ಗಾಲಿಕುರ್ಚಿಯಲ್ಲಿ ಮಿಸ್ ಪರ್ಲ್ ಕೂತಿದ್ದರು. ಲೊರೇನ್ ಅವರನ್ನು ಸ್ಟಾಫ್ ಕೋಣೆಯಲ್ಲಿ ಕೂರಿಸಿ ಬಂದಿದ್ದಳು. ಜನರ ಸದ್ದು ಕೇಳಿ ಅವರೇ ಕುರ್ಚಿ ಉರುಳಿಸಿಕೊಂಡು ಬಂದಿದ್ದರು. ಜನ ದಾರಿ ಬಿಟ್ಟರು, ಅವರು ಮುಂದೆ ಬಂದರು. ಲೊರೇನ್ ಓಡಿಬಂದು ಕುರ್ಚಿಯ ಹಿಂದೆ ನಿಂತಳು. ಅವಳ ಮುಖ ನೋಡಲು ನನಗಾಗಲಿಲ್ಲ.

"ಈ ಜನರಿಗೆ ಏನು ಹೇಳ್ದೆ ನೀನು?" ಎಂದು ಮಿಸ್ ಪರ್ಲ್ ನನ್ನನ್ನು ಕೇಳಿದರು. "ನೀನು ಹೇಳ್ತಾ ಹೇಳ್ತಾ ಅವರ ಮುಖ ಬದಲಾಯ್ತು. ನಾನು ನೋಡ್ದೆ. ನನಗೂ ಅದನ್ನೇ ಹೇಳು."

ಬ್ರಾಡ್ ಮುಂದೆ ಬಂದು, "ಷೂರ್! ಇಂಡಿ, ಇಂಗ್ಲಿಷ್‌ನಲ್ಲಿ ಹೇಳಿಬಿಡು" ಎಂದು ಬೋರ್ಡಿನ ಕಡೆ ಕೈ ತೋರಿಸಿದ.

ಬಾಯಿಪಾಠ ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ಒಪ್ಪಿಸಿ ಹೋಳಿಗೆ ಬಡಿಸಲು ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಯಜಮಾನರ ಮಾತ್ರೆಯ ಡಬ್ಬಿ ಕಣ್ಣ ಮುಂದೆ ಬಂತು. ಆದರೆ ಹತ್ತಿ ಬಿಡಿಸಿದ ಬೆರಳುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಆ ಮುದುಕಿಗೆ "ಶ್ರಮ ಉಳಿಯಿತು" ಎಂದು ಹೇಳಲು ನನ್ನಿಂದಾಗಲಿಲ್ಲ. ಕನ್ನಡದಲ್ಲಿ ಹೇಳಿದ್ದನ್ನು ಒಂದು ಮಾತೂ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ಸಂತೆಯ ಎತ್ತನ್ನೂ ಬಿಡಲಿಲ್ಲ, ಗದಗಿನ ಮಾಳಿಗೆಗಳನ್ನೂ ಬಿಡಲಿಲ್ಲ.

ಬ್ರಾಡ್‌ನ ನಗು ಮುಖದ ಮೇಲೇ ಒಣಗಿತು. ಮುಂದೇನಾಯಿತು ಎಂದು ಕೇಳುವವರಿಗೆ ಈಗಲೇ ಹೇಳಿಬಿಡುತ್ತೇನೆ. ಕೆಲಸ ಹೋಗಲಿಲ್ಲ. ಯಾರೋ ಹುಡುಗಿ ಅದನ್ನೆಲ್ಲ ವಿಡಿಯೋ ಮಾಡಿ ಹಂಚಿದ್ದಳು, ಜನ ನೋಡಿ ಮ್ಯೂಸಿಯಂ ಅನ್ನು ಹೊಗಳಿದರು, ಹೊಗಳಿಕೆ ಬಂದ ಮೇಲೆ ಅದು ಮೊದಲಿನಿಂದಲೂ ಬ್ರಾಡ್‌ನದೇ ಯೋಜನೆಯಾಗಿತ್ತೆಂದು ಗೊತ್ತಾಯಿತು. ನನ್ನನ್ನು ಮಾತ್ರ ಗಿಫ್ಟ್ ಶಾಪಿಗೆ ಕಳಿಸಿದರು. ಅಲ್ಲಿ ಹೇಳಬೇಕಾದ ಇತಿಹಾಸ ಏನೂ ಇರುವುದಿಲ್ಲ. ಇನ್ಶೂರೆನ್ಸ್ ಮುಂದುವರಿಯಿತು.

ಆದರೆ ಆ ಮಧ್ಯಾಹ್ನ ಇನ್ನೂ ಮುಗಿದಿರಲಿಲ್ಲ. ಮಿಸ್ ಪರ್ಲ್ ಕೈ ಚಾಚಿ ಪೆಟ್ಟಿಗೆಯ ಅಂಚು ಮುಟ್ಟಿದರು. ಮುಟ್ಟಬಾರದೆಂಬ ಫಲಕ ಅಲ್ಲೇ ಇತ್ತು, ಯಾರೂ ತಡೆಯಲಿಲ್ಲ. "ಇಷ್ಟು ಸಣ್ಣದಾ?" ಎಂದರು. "ನಾನು ದೊಡ್ಡದಿರುತ್ತೆ ಅಂದ್ಕೊಂಡಿದ್ದೆ. ಮನೆಯಷ್ಟು ದೊಡ್ಡದು."

ನನಗೆ ನಾಚಿಕೆಯಾಯಿತು. ಇಂಥದ್ದಕ್ಕೆ ಹೂಮಾಲೆ ಹಾಕಿ ಮೆರೆಸಿದೆನಲ್ಲ ಎಂದು ತೆಗೆಯಲು ಹೋದೆ. ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು.

"ಹೂವು ಇರ್ಲಿ ಬಿಡು. ಈ ಪೆಟ್ಟಿಗೆ ಯಾರನ್ನೂ ಕೊಂಡುಕೊಳ್ಳಲಿಲ್ಲ." ಆಮೇಲೆ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದರು. "ತೆಗೀಬೇಕಾದ್ದು ಅದು."

ಪಕ್ಕದ ಮೇಜಿನ ಮೇಲೆ, ಬಾಳೆಲೆಯಲ್ಲಿ, ಕುಂಕುಮ ಹಚ್ಚಿದ ಸ್ಕ್ರೂಡ್ರೈವರ್ ಇತ್ತು. ನಾನು ಅದನ್ನು ಎತ್ತಿಕೊಂಡೆ. "ಅಯ್ಯೋ, ಇವತ್ತು ಆಯುಧ ಮುಟ್ಬಾರ್ದು ಕಣ್ರೀ!" ಎಂದು ಹಿಂದಿನಿಂದ ಯಾರೋ ಆಂಟಿ ಕೂಗಿದರು. "ಇಂಡಿ, ಮತ್ತೆ ಮಾತಾಡೋಣ" ಎಂದ ಬ್ರಾಡ್. ಮೂಲೆಯ ಸ್ಟೂಲ್ ಎಳೆದು ಹತ್ತಿದೆ. ಲೊರೇನ್ ಕೆಳಗಿನಿಂದ ನನ್ನ ಉದ್ದ ಲಂಗವನ್ನು ಕಾಲಿಗೆ ಸಿಗದಂತೆ ಹಿಡಿದುಕೊಂಡಳು. ಸ್ಕ್ರೂಗಳು ತುಕ್ಕು ಹಿಡಿದಿದ್ದವು, ಮೊದಲು ಜಗ್ಗಲಿಲ್ಲ. ಅಷ್ಟರಲ್ಲಿ ನಮ್ಮ ಇಂಜಿನಿಯರ್ ಅಂಕಲ್‌ಗಳಿಗೆಲ್ಲ ಜೀವ ಬಂದಿತ್ತು. ಒಬ್ಬರು ಫೋನಿನ ಲೈಟ್ ಹಿಡಿದರು, ಇನ್ನೊಬ್ಬರು ತುಕ್ಕು ಬಿಡಿಸುವ ಡಬಲ್ಯು-ಡಿ ಫಾರ್ಟಿ ಎಣ್ಣೆ ತರಲು ಕಾರಿಗೆ ಓಡಿದರು, ಮಿಕ್ಕವರು ಯಾವ ಕಡೆ ತಿರುಗಿಸಬೇಕೆಂದು ತಮ್ಮತಮ್ಮಲ್ಲೇ ವಾದಕ್ಕಿಳಿದರು.

ಬೋರ್ಡ್ ಕಳಚಿ ಬಂತು. ಭಾರವಾಗಿತ್ತು. ಲೊರೇನ್ ಅದನ್ನು ಎರಡೂ ಕೈಯಲ್ಲಿ ಇಳಿಸಿಕೊಂಡು, ಎಲ್ಲಿಡುವುದೆಂದು ತಿಳಿಯದೆ, ಅಳುತ್ತ ನಿಂತಳು. ಮಿಸ್ ಪರ್ಲ್ ಮಗಳ ಕೈಯಿಂದ ಅದನ್ನು ತೆಗೆದುಕೊಂಡು ಮಡಿಲಲ್ಲಿ ಬೋರಲಾಗಿ ಇಟ್ಟುಕೊಂಡರು. ಹಿತ್ತಾಳೆಯ ಬೆನ್ನ ಮೇಲಿನ ಧೂಳನ್ನು ಅಂಗೈಯಲ್ಲಿ ಒಮ್ಮೆ ಒರೆಸಿ, ನನ್ನ ಕಡೆ ನೋಡಿದರು.

"ಬೆಳಗ್ಗೆಯಿಂದ ಏನೋ ಸಿಹಿ ಘಮಘಮ ಅಂತಿದೆ. ಊಟ ಎಲ್ಲಿ?" ಎಂದರು.